ಡಿಫೆಕ್ಟ್ ಬಂದ್ರೆ ಸೂಪರ್‌ಕಂಡಕ್ಟರ್‌ಗೆ ಲಾಭವೂ ಉಂಟು

ಡಿಫೆಕ್ಟ್ ಅಂದ್ರೆ ನಿಮಗೆಲ್ಲ ರಿಲೀಸ್ ಹಿಂದಿನ ರಾತ್ರಿ ನೆನಪಾಗುತ್ತೆ, ಅಲ್ವಾ? ಇವತ್ತಿನದು ಹರಳಿನೊಳಗಿನ ಡಿಫೆಕ್ಟ್.

1986ರಲ್ಲಿ ಐಬಿಎಂನ ಜ್ಯೂರಿಕ್ ಲ್ಯಾಬ್‌ನಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್, ಲ್ಯಾಂಥನಮ್, ಬೇರಿಯಮ್, ತಾಮ್ರ, ಆಮ್ಲಜನಕ ಸೇರಿದ ವಸ್ತು ಸುಮಾರು 30 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗೋದನ್ನ ಕಂಡ್ರು. ಆದರೆ ಎಂಟು ತಾಮ್ರದ ಪರಮಾಣುವಿಗೆ ಒಂದು ಬೇರಿಯಮ್ ಅನ್ನೋ ಲೆಕ್ಕಕ್ಕೆ ಬಂದಾಗ ಅದೇ ವಸ್ತುವಿನ ಟಿಸಿ, ಅಂದ್ರೆ ವಿದ್ಯುತ್ ರೋಧ ಮಾಯವಾಗೋ ತಾಪಮಾನ, ಸುಮಾರು 4 ಕೆಲ್ವಿನ್‌ಗೆ ಕುಸಿಯುತ್ತೆ!

ಯಾಕೆ? ಚಾರ್ಜ್‌ಗಳು ತಾಮ್ರದ ಪದರದಲ್ಲಿ ಮದುವೆ ಊಟದ ಪಂಕ್ತಿ ಥರ ಸಾಲಾಗಿ ಕೂತುಬಿಡ್ತವೆ. ಇದೇ ಚಾರ್ಜ್ ಆರ್ಡರ್. ಒಂದು ಪದರದಲ್ಲಿ ಸಾಲು ಉದ್ದಕ್ಕೆ, ಮೇಲಿನದರಲ್ಲಿ ಅಡ್ಡಕ್ಕೆ. ಹಾಗಾಗಿ ಪದರಗಳ ನಡುವೆ ಹೊಂದಾಣಿಕೆ ಕಷ್ಟ.

ಸಾಮಾನ್ಯವಾಗಿ ಡಿಫೆಕ್ಟ್ ಕೆಟ್ಟದ್ದೇ. ಒಂದಿಷ್ಟು ತಾಮ್ರದ ಜಾಗದಲ್ಲಿ ಸತು ಕೂರಿಸಿ ನೋಡಿ, ಟಿಸಿ ದಬದಬ ಇಳಿಯುತ್ತೆ. ಆದರೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇದೇ ಎಂಟಕ್ಕೊಂದು ಹರಳಿಗೆ ಪ್ರೋಟಾನ್ ಹೊಡೆದು ಬೇಕಂತಲೇ ಪರಮಾಣುಗಳನ್ನ ಕದಲಿಸಿದ್ರು. ಪಂಕ್ತಿ ಚದುರಿತು, ಟಿಸಿ ಶೇಕಡಾ 50ರಷ್ಟು ಏರಿತು.

ಏರಿದ್ದು ಬರೀ 2 ಕೆಲ್ವಿನ್ ಅಂತ ನಗಬೇಡಿ. ಕೆಡಿಸಿದ್ರೆ ಸುಧಾರಿಸುತ್ತೆ ಅಂದ್ಮೇಲೆ ಪಂಕ್ತಿ ದಾರಿಗೆ ಅಡ್ಡ ಕೂತಿತ್ತು ಅಂತಾಯ್ತಲ್ಲ. ಹಾಗಂತ ಸಿಕ್ಕಾಪಟ್ಟೆ ಹೊಡೆದ್ರೆ ಎಲೆಕ್ಟ್ರಾನ್ ಜೋಡಿಗಳೇ ಮುರೀತವೆ.

ಈ ಪಂಕ್ತಿ ಬರೀ ಎದುರಾಳಿಯೋ, ಒಳಗೊಳಗೇ ಜೋಡಿ ಕೂಡಿಸೋ ದಲ್ಲಾಳಿಯೋ ಅನ್ನೋ ಜಗಳ ಮಾತ್ರ ಭೌತವಿಜ್ಞಾನಿಗಳ ನಡುವೆ ಇನ್ನೂ ನಡೀತಿದೆ.