ಅನ್ನನಾಳದ ಕ್ಯಾನ್ಸರ್: ತಪಾಸಣೆಯನ್ನು ಎಂದು ಆರಂಭಿಸಬೇಕು?

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಆರೋಗ್ಯ ಸಭೆಯಲ್ಲಿ ಧರ್ಮಕೇಂದ್ರದ ವೈದ್ಯಕೀಯ ಸೇವಾ ತಂಡದ ಪರವಾಗಿ ಮಾಡಿದ ಭಾಷಣ)



ಪ್ರತಿ ವರ್ಷ ಫೆಬ್ರವರಿ 3ರಂದು, ಸಂತ ಬ್ಲೇಸರ ಸ್ಮರಣೆಯ ದಿನ, ಗುರುಗಳು ಎರಡು ಮೇಣದ ಬತ್ತಿಗಳನ್ನು ನಮ್ಮ ಕೊರಳಿನ ಬಳಿ ಹಿಡಿದು ಆಶೀರ್ವದಿಸುತ್ತಾರೆ. ಈ ವರ್ಷ ಆ ಆಶೀರ್ವಾದ ಮುಗಿದು ಜನರು ಹೊರಟ ಮೇಲೆ ಶತಮಾನೋತ್ಸವ ಸಮಿತಿಯ ಹಿರಿಯರು ನಮ್ಮನ್ನು ಕರೆದು ಒಂದು ಪ್ರಶ್ನೆ ಕೇಳಿದರು. ಕಳೆದ ಎರಡು ವರ್ಷಗಳಲ್ಲಿ ನಮ್ಮವರೇ ಆದ ಮೂವರು ಅನ್ನನಾಳದ ಕ್ಯಾನ್ಸರಿಗೆ ತುತ್ತಾದರು. ರೋಗ ಇಂಥದೆಂದು ಗೊತ್ತಾಗುವ ಹೊತ್ತಿಗೆ ಮೂವರಿಗೂ ಗಂಜಿ ಸಹ ಇಳಿಯುತ್ತಿರಲಿಲ್ಲ. "ಶತಮಾನೋತ್ಸವ ನಿಧಿಯಿಂದ ನಾಲ್ವತ್ತು ದಾಟಿದ ಎಲ್ಲರಿಗೂ ತಪಾಸಣೆ ಮಾಡಿಸಿಬಿಡೋಣ. ನಾಲ್ವತ್ತು ಸರಿಯೋ, ಇನ್ನೂ ಮೊದಲೇ ಆರಂಭಿಸಬೇಕೋ, ನೀವು ಹೇಳಿ" ಎಂದರು. ಅದಕ್ಕೆ ಉತ್ತರ ಕೊಡಲು ನಾವು ಆರು ವಾರಗಳ ಕಾಲಾವಕಾಶ ಬೇಡಿದೆವು. ಇಂದು ಆ ಉತ್ತರವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅದು ಕೆಲವರಿಗೆ ಹಿಡಿಸಲಾರದೆಂಬುದು ನಮಗೆ ತಿಳಿದಿದೆ.

ಗಂಟಲಿನಿಂದ ಜಠರದವರೆಗೆ ಆಹಾರವನ್ನು ಒಯ್ಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೃದುವಾದ ನಳಿಕೆ. ಮೃದುವಾಗಿರುವುದರಿಂದಲೇ ಅದು ಹಿಗ್ಗಿ ಕೊಡುತ್ತದೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಬಹುಕಾಲ ತೊಂದರೆ ತೋರುವುದಿಲ್ಲ. ನಳಿಕೆ ಬಹಳಷ್ಟು ಕಿರಿದಾದ ಮೇಲೆ ಮೊದಲು ಗಟ್ಟಿ ರೊಟ್ಟಿ, ಬಳಿಕ ಅನ್ನ, ಕಡೆಗೆ ನೀರು ತಡೆಯುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 5,11,000 ಜನರಿಗೆ ಈ ರೋಗ ಹೊಸದಾಗಿ ಕಂಡುಬಂದಿತು. ಅದೇ ವರ್ಷ ಇದರಿಂದ ಸತ್ತವರು ಸುಮಾರು 4,45,000. ಈ ಎರಡು ಅಂಕಿಗಳು ಇಷ್ಟು ಹತ್ತಿರವಿರುವುದೇ ರೋಗದ ಕ್ರೌರ್ಯವನ್ನು ಹೇಳುತ್ತದೆ. ಆದಕಾರಣ ಮೊದಲೇ ಕಂಡುಹಿಡಿಯಬೇಕೆಂಬ ಹಿರಿಯರ ಹಂಬಲ ನ್ಯಾಯವಾದದ್ದೇ.

ಆದರೆ ಲಕ್ಷಣವೇ ಇಲ್ಲದ ಆರೋಗ್ಯವಂತನನ್ನು ಕರೆದು ಪರೀಕ್ಷಿಸುವುದು ಬೇರೆ, ರೋಗಿಯನ್ನು ಪರೀಕ್ಷಿಸುವುದು ಬೇರೆ. ರೋಗಿ ತಾನಾಗಿ ನಮ್ಮಲ್ಲಿಗೆ ಬರುತ್ತಾನೆ. ಆರೋಗ್ಯವಂತನನ್ನು ನಾವು ಕರೆಯುತ್ತೇವೆ. ಕರೆದವರಿಗೆ ಹೊಣೆ ಹೆಚ್ಚು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಗ್ರಂಥವೊಂದರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಇದಕ್ಕೆ ಹತ್ತು ಸೂತ್ರಗಳನ್ನು ಹಾಕಿಕೊಟ್ಟರು. ರೋಗ ಆ ಸಮಾಜಕ್ಕೆ ದೊಡ್ಡದಾಗಿರಬೇಕು, ಮೊದಲೇ ಗುರುತಿಸಬಹುದಾದ ಹಂತವೊಂದಿರಬೇಕು, ಪರೀಕ್ಷೆ ತಕ್ಕದ್ದಾಗಿರಬೇಕು, ಸಿಕ್ಕಿದ ರೋಗಕ್ಕೆ ಚಿಕಿತ್ಸೆ ಕೈಗೆಟುಕುವಂತಿರಬೇಕು, ಖರ್ಚು ಸಮತೂಕದಲ್ಲಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಆರಂಭದ ವಯಸ್ಸು ಇವುಗಳಿಂದ ಹುಟ್ಟಬೇಕೇ ಹೊರತು ನಮ್ಮ ಇಷ್ಟದಿಂದಲ್ಲ.

ಈ ಸೂತ್ರಗಳು ಚೆನ್ನಾಗಿ ಕೂಡಿಬಂದ ಸ್ಥಳ ಚೀನಾ ದೇಶದ ಹೆನಾನ್ ಮತ್ತು ಹೆಬೈ ಪ್ರಾಂತಗಳ ಬೆಟ್ಟದ ಸೀಮೆ. ಅಲ್ಲಿನ ಲಿನ್‌ಶಿಯಾನ್ ಜಗತ್ತಿನಲ್ಲೇ ಈ ರೋಗ ಅತಿ ಹೆಚ್ಚಾಗಿರುವ ಸ್ಥಳಗಳಲ್ಲೊಂದು. ಮೊದಲು ಜನರಿಗೆ ಸಣ್ಣ ಬಲೂನು ನುಂಗಿಸಿ, ಅದನ್ನು ಹೊರಗೆಳೆದು, ಅಂಟಿ ಬಂದ ಜೀವಕೋಶಗಳನ್ನು ಪರೀಕ್ಷಿಸುತ್ತಿದ್ದರು. ಅದು ಅನೇಕ ರೋಗಿಗಳನ್ನು ತಪ್ಪಿಸಿಬಿಡುತ್ತದೆಂದು ಬಳಿಕ ತಿಳಿಯಿತು. ಈಗ ತುದಿಯಲ್ಲಿ ದೀಪವುಳ್ಳ ಸಪೂರ ನಳಿಕೆಯನ್ನು ಬಾಯಿಂದ ಇಳಿಸುವ ಎಂಡೋಸ್ಕೋಪಿಯ ವೇಳೆ ಅನ್ನನಾಳದ ಒಳಮೈಗೆ ಅಯೋಡಿನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಾದ ಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಭಾಗ ಬಣ್ಣ ಹಿಡಿಯದೆ ಎದ್ದು ಕಾಣುತ್ತದೆ. ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿ, ರೋಗ ಮೇಲ್ಪದರದಲ್ಲೇ ಇದ್ದರೆ ಎದೆ ಸೀಳದೆ ಅದೇ ನಳಿಕೆಯ ಮೂಲಕ ತೆಗೆದುಬಿಡುತ್ತಾರೆ.

ಹೆಬೈ ಪ್ರಾಂತದ ತ್ಸಿಶಿಯಾನ್ ಎಂಬಲ್ಲಿ 40ರಿಂದ 69 ವಯಸ್ಸಿನವರನ್ನು ಒಮ್ಮೆ ಮಾತ್ರ ಈ ಪರೀಕ್ಷೆಗೆ ಕರೆದು ಹತ್ತು ವರ್ಷ ಗಮನಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕರೆಯಲ್ಪಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಬಂದರೂ, ಆ ಹಳ್ಳಿಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇಕಡಾ 3.35, ಕರೆಯದ ಹಳ್ಳಿಗಳಲ್ಲಿ ಶೇಕಡಾ 5.05. ಸಾವಿರ ಜನಕ್ಕೆ ಹದಿನೇಳು ಜೀವ ಉಳಿದಂತಾಯಿತು. 2022ರ ಚೀನಾದ ಮಾರ್ಗಸೂಚಿ, ಅಪಾಯ ಹೆಚ್ಚಿರುವವರಿಗೆ 45ನೆಯ ವಯಸ್ಸಿನಲ್ಲಿ ಆರಂಭಿಸಿ 75ಕ್ಕೆ ನಿಲ್ಲಿಸಿರೆಂದು ಹೇಳುತ್ತದೆ. ರೋಗದ ಪ್ರಮಾಣ ಅಲ್ಲಿ 40ರ ಒಳಗೆ ಕಡಮೆ, 45ರ ಬಳಿಕ ಬೇಗನೆ ಏರುತ್ತದೆ ಎಂಬುದೇ ಅದಕ್ಕೆ ಆಧಾರ.

"ಹಾಗಾದರೆ ನಾವೂ 45 ಎಂದು ಬರೆದುಕೊಳ್ಳೋಣ" ಎಂದು ಯಾರಾದರೂ ಹೇಳಬಹುದು. ಸ್ವಲ್ಪ ತಾಳಬೇಕು. ಕೀನ್ಯಾ ದೇಶದ ಬೊಮೆಟ್ ಸೀಮೆಯಲ್ಲಿ ಮೂವತ್ತು ತುಂಬದವರಲ್ಲೂ ಈ ರೋಗ ಕಂಡಿದೆ; ಅಲ್ಲಿ 45 ಎಂದರೆ ಕೆಲವರಿಗೆ ತಡವಾದೀತು. ಅಮೆರಿಕದಲ್ಲಿ ಹೆಚ್ಚಾಗಿರುವುದು ಈ ಕ್ಯಾನ್ಸರಿನ ಬೇರೊಂದು ಬಗೆ. ಜಠರದ ಆಮ್ಲ ವರ್ಷಾನುಗಟ್ಟಲೆ ಮೇಲೆ ಉಕ್ಕಿ ಅನ್ನನಾಳದ ಕೆಳತುದಿ ಮಾರ್ಪಡುವುದರಿಂದ ಅದು ಹುಟ್ಟುತ್ತದೆ. ಅಲ್ಲಿನ ತಜ್ಞರ ಸಂಘವೊಂದು 2022ರಲ್ಲಿ ಕೊಟ್ಟ ಸಲಹೆಯಲ್ಲಿ ವಯಸ್ಸೊಂದೇ ಸಾಲದು: ದೀರ್ಘಕಾಲದ ಎದೆಯುರಿಯೊಂದಿಗೆ ಪುರುಷನಾಗಿರುವುದು, 50 ದಾಟಿರುವುದು, ಬಿಳಿಯ ಜನಾಂಗ, ಧೂಮಪಾನ, ಬೊಜ್ಜು, ರಕ್ತಸಂಬಂಧಿಗಳಲ್ಲಿ ರೋಗ ಎಂಬುವುಗಳಲ್ಲಿ ಮೂರಾದರೂ ಇರಬೇಕು. ಇನ್ನು ಕಾಸ್ಟಿಕ್ ಸೋಡಾದಂಥ ಸುಡುವ ವಸ್ತುವನ್ನು ನುಂಗಿ ಅನ್ನನಾಳ ಸುಟ್ಟುಕೊಂಡವರಿಗೆ, ಘಟನೆ ನಡೆದು 15ರಿಂದ 20 ವರ್ಷಗಳಾದಾಗ ತಪಾಸಣೆ ತೊಡಗಬೇಕೆಂದು ಹೇಳಲಾಗಿದೆ. ಅವರ ಪಾಲಿಗೆ ಗಡಿಯಾರ ಓಡತೊಡಗುವುದು ಹುಟ್ಟಿದ ದಿನದಿಂದಲ್ಲ, ಸುಟ್ಟ ದಿನದಿಂದ.

ನಮ್ಮ ನಾಡಿನಲ್ಲಿ ಹೆಚ್ಚಾಗಿರುವುದು ಚೀನಾದಲ್ಲಿರುವ ಬಗೆಯೇ. 1982ರಲ್ಲಿ ಆರಂಭವಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳಕ್ಕೆ ಪ್ರಮುಖ ಸ್ಥಾನವಿದೆ. ಆದರೂ ಪ್ರಮಾಣ ಆ ಬೆಟ್ಟದ ಸೀಮೆಯಷ್ಟಿಲ್ಲ. ಅಲ್ಲಿನ ಹತ್ತನೆಯ ಒಂದು ಪಾಲು ರೋಗವಿರುವ ಊರಿನಲ್ಲಿ ಅದೇ ಶ್ರಮಕ್ಕೆ ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಲಾಭವಾದೀತು. ಉಳಿದವರೆಲ್ಲ ನಳಿಕೆ ನುಂಗಬೇಕು. ಕೆಲವರು ವಾರಗಟ್ಟಲೆ ಸುಳ್ಳು ಭಯದಲ್ಲಿ ನರಳಬೇಕು. ಅಪರೂಪಕ್ಕೆ ಒಬ್ಬರಿಗೆ ಅಪಾಯವೂ ಆಗಬಹುದು. ರೋಗವನ್ನು ಮೊದಲೇ ತಿಳಿದ ಮಾತ್ರಕ್ಕೆ ಆಯುಸ್ಸು ಬೆಳೆಯುವುದೂ ಇಲ್ಲ. ಸಾಯುವ ದಿನ ಬದಲಾಗದೆ ತಿಳಿಯುವ ದಿನ ಮಾತ್ರ ಹಿಂದಕ್ಕೆ ಸರಿದರೆ, ರೋಗಿಗೆ ದೊರೆತದ್ದು ಹೆಚ್ಚಿನ ದುಃಖವಷ್ಟೆ. 2016ರಲ್ಲಿ ಭಾರತ ಸರ್ಕಾರ ರೂಪಿಸಿದ ಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳುಗಳ ತಪಾಸಣೆ ಇದೆ, ಅನ್ನನಾಳವನ್ನು ಸೇರಿಸಿಲ್ಲ.

ಈಗ ಒಂದು ಮಾತನ್ನು ತಪ್ಪೊಪ್ಪಿಗೆಯಾಗಿ ಹೇಳಬೇಕು. ತೀರಿಕೊಂಡ ಮೂವರಲ್ಲಿ ಒಬ್ಬರು ನಮ್ಮ ಭಾನುವಾರದ ಚಿಕಿತ್ಸಾಲಯಕ್ಕೆ ಎರಡು ಬಾರಿ ಬಂದಿದ್ದರು. "ರೊಟ್ಟಿ ಎದೆಯಲ್ಲಿ ನಿಂತ ಹಾಗಾಗುತ್ತದೆ" ಎಂದಿದ್ದರು. ನಾವು ಆಮ್ಲಕ್ಕೆ ಮಾತ್ರೆ ಕೊಟ್ಟು ಕಳುಹಿಸಿದೆವು. ಅವರಿಗೆ ಬೇಕಾಗಿದ್ದುದು ಸಾಮೂಹಿಕ ಶಿಬಿರವಲ್ಲ. ಅವರ ಮಾತನ್ನು ಕಿವಿಗೊಟ್ಟು ಕೇಳುವವರು. ಅವರ ಮನೆಯವರು ಈ ಸಭೆಯಲ್ಲಿದ್ದಾರೆ. ಅವರ ಕ್ಷಮೆಯನ್ನು ನಾವು ಬೇಡಿದ್ದೇವೆ, ಮತ್ತೊಮ್ಮೆ ಬೇಡುತ್ತೇವೆ.

ಆದ್ದರಿಂದ ಎಲ್ಲರಿಗೂ ಅನ್ವಯಿಸುವ ಒಂದು ವಯಸ್ಸನ್ನು ನಾವು ಕೊಡುವುದಿಲ್ಲ. ಸಮಿತಿಗೆ ನಾವು ಬಿನ್ನವಿಸಿದ್ದು ಇಷ್ಟು:

ಮೊದಲನೆಯದಾಗಿ, ನುಂಗುವಾಗ ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ ಇವುಗಳಿಗೆ ವಯಸ್ಸಿನ ಲೆಕ್ಕವಿಲ್ಲ. ಅಂಥವರಿಗೆ ಎರಡು ವಾರಗಳೊಳಗೆ ಎಂಡೋಸ್ಕೋಪಿ ಆಗುವಂತೆ ಪ್ರಯಾಣ ಮತ್ತು ಪರೀಕ್ಷೆಯ ವೆಚ್ಚವನ್ನು ನಿಧಿ ಭರಿಸಲಿ.

ಎರಡನೆಯದಾಗಿ, ಬಹುಕಾಲದಿಂದ ತಂಬಾಕು ಮತ್ತು ಮದ್ಯ ಎರಡನ್ನೂ ಬಳಸುವವರು, ಬಾಯಿ ಗಂಟಲುಗಳ ಕ್ಯಾನ್ಸರಿನಿಂದ ಗುಣವಾದವರು, ಅನ್ನನಾಳ ಸುಟ್ಟುಕೊಂಡವರು, ತಂದೆತಾಯಿ ಒಡಹುಟ್ಟಿದವರಲ್ಲಿ ಈ ರೋಗವಿದ್ದವರು ಹೆಸರು ಬರೆಸಲಿ. ಇವರು ಲಕ್ಷಣಗಳಿಗೆ ಕಾಯದೆ, ನಾಲ್ವತ್ತರಿಂದ ನಾಲ್ವತ್ತೈದರ ನಡುವೆ ತಜ್ಞರೊಡನೆ ಕುಳಿತು ತಮ್ಮ ತಮ್ಮ ವೇಳೆಯನ್ನು ನಿರ್ಣಯಿಸಿಕೊಳ್ಳಲಿ. ಸುಟ್ಟುಕೊಂಡವರು ಘಟನೆಯ ವರ್ಷವನ್ನು ಮರೆಯದೆ ತಿಳಿಸಲಿ.

ಮೂರನೆಯದಾಗಿ, 30 ದಾಟಿದವರೆಲ್ಲರಿಗೆ ಬಾಯಿಯ ತಪಾಸಣೆ ನಡೆಯಲಿ. ಅದು ಸುಲಭ, ತಂಬಾಕಿನ ಗುರುತು ಅಲ್ಲಿಯೇ ಕಾಣುತ್ತದೆ.

ಇನ್ನುಳಿದದ್ದು ನಮ್ಮ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸ. ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಇವನ್ನು ಬಿಡಬೇಕು. ಮದುವೆಯ ಮನೆಯಲ್ಲೂ ಹಬ್ಬದ ದಿನದಲ್ಲೂ ಮದ್ಯವಿಲ್ಲದೆ ಅತಿಥಿ ಸತ್ಕಾರ ಪೂರ್ತಿಯಾಗದೆಂಬ ಭಾವನೆಯನ್ನು ಬಿಡಬೇಕು. 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯ ಪಾನೀಯಗಳು ಬಹುಶಃ ಈ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಸಾರಿತು. ಕಾಫಿಯನ್ನು ಬಿಡಬೇಕಾಗಿಲ್ಲ, ಆರಿಸಿ ಕುಡಿಯೋಣ.

ಶಿಬಿರದ ಫಲಕವಿಲ್ಲದೆ ಶತಮಾನೋತ್ಸವದ ನೆನಪು ಉಳಿಯುವುದೆಂತು ಎಂದು ಹಿರಿಯರೊಬ್ಬರು ಬೇಸರದಿಂದ ಕೇಳಿದರು. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೂ ನಮ್ಮ ಬಿನ್ನಹ ಇದೇ. ಹೆಸರು ಬರೆಸುವ ಪುಸ್ತಕ ಬರುವ ಭಾನುವಾರದಿಂದ ಪೂಜೆಯ ಬಳಿಕ ಶಾಲೆಯ ಮೊದಲ ಕೊಠಡಿಯಲ್ಲಿರುತ್ತದೆ. ನುಂಗಲು ತೊಂದರೆಯಿರುವವರು ಭಾನುವಾರಕ್ಕೂ ಕಾಯಬೇಡಿರಿ. ಇಂದೇ ಸಭೆ ಮುಗಿದೊಡನೆ ನಮ್ಮನ್ನು ಕಾಣಿರಿ. ಈ ಬಾರಿ ಪೂರ್ತಿಯಾಗಿ ಕೇಳುತ್ತೇವೆ.