ಕೆರೆಯ ಕಪ್ಪೆಯೂ ಶರೀರಪಾಠವೂ



ವಾರ್ಷಿಕೋತ್ಸವದ ಸಭೆಯಲ್ಲಿ ಕಪ್ಪೆಯ ಮಾತೆತ್ತುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಪ್ರಾಣಿಯ ಒಡಲಿನ ರಚನೆಯನ್ನು ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟ ಗುರು ಈ ಬಡಜೀವಿಯೇ ಅಲ್ಲವೆ?

ಆ ಪಾಠದ ಕ್ರಮ ಹೀಗಿತ್ತು. ಕ್ಲೋರೋಫಾರ್ಮಿನಿಂದ ಚೇತನವಳಿದ ಕಪ್ಪೆಯನ್ನು ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ, ಕೈಕಾಲುಗಳಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯ ಚರ್ಮವನ್ನು ಕತ್ತರಿಯಿಂದ ಬಿಡಿಸುತ್ತಿದ್ದರು. ಒಳಗಿನ ಮಾಂಸದ ಪದರವನ್ನು ತೆರೆದರೆ ಕಂದುಗೆಂಪು ಬಣ್ಣದ ಯಕೃತ್ತು; ಅದರ ಬಳಿಯಲ್ಲಿ ಇನ್ನೂ ಮಿಡಿಯುತ್ತಿರುವ ಹೃದಯ. ನಮ್ಮ ಹೃದಯಕ್ಕೆ ನಾಲ್ಕು ಕೋಣೆಗಳಾದರೆ ಕಪ್ಪೆಯದಕ್ಕೆ ಮೂರು: ಎರಡು ಹೃತ್ಕರ್ಣ, ಒಂದು ಹೃತ್ಕುಕ್ಷಿ.

ಈ ಪದ್ಧತಿ ಈಗ ಹಿಂದೆ ಸರಿದಿದೆ. ಅದು ಉಚಿತವೂ ಆಗಿದೆ. ಪೈರಿನ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಪ್ರಾಣಿಯನ್ನು ತಿಳಿದ ಸಂಗತಿಯನ್ನೇ ಮತ್ತೆ ಮತ್ತೆ ತೋರಿಸುವುದಕ್ಕಾಗಿ ಕೊಲ್ಲುವುದು ತರವಲ್ಲ. ಕಪ್ಪೆಗಾಲುಗಳ ರಫ್ತನ್ನು ಭಾರತ ಸರ್ಕಾರವು ೧೯೮೭ರಲ್ಲಿ ನಿಷೇಧಿಸಿತು. ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಛೇದನವನ್ನು ಕಡಿಮೆ ಮಾಡಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೧ರಲ್ಲಿ ಸೂಚಿಸಿ, ೨೦೧೪ರಲ್ಲಿ ಅದನ್ನು ಪೂರ್ಣವಾಗಿ ನಿಲ್ಲಿಸಲು ಹೇಳಿತು.

ಆದರೆ ಕತ್ತರಿ ಹೋದೊಡನೆ ಕಣ್ಣಿನ ಕೆಲಸವೂ ಹೋಗಬಾರದು. ಪುಸ್ತಕದ ಚಿತ್ರವನ್ನು ನಕಲು ಮಾಡಿ, ಹೆಸರುಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ಒಡಲಿನ ಅರಿವು ಉಂಟಾಗುವುದೆ? ಮಳೆಗಾಲದಲ್ಲಿ ಕೆರೆಯ ಅಂಚಿಗೆ ಹೋಗಿ ನೋಡೋಣ. ಕಪ್ಪೆಯ ಗಂಟಲು ಏರಿಳಿಯುತ್ತಿರುತ್ತದೆ. ನಮ್ಮಂತೆ ಎದೆಗೂಡನ್ನು ಹಿಗ್ಗಿಸಿ ಉಸಿರೆಳೆಯಲು ಅದಕ್ಕೆ ಪಕ್ಕೆಲುಬೂ ಇಲ್ಲ, ವಪೆಯೂ ಇಲ್ಲ. ಬಾಯಿಯ ತಳವನ್ನೇ ತಿದಿಯಂತೆ ಒತ್ತಿ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಹುಳುವನ್ನು ನುಂಗುವಾಗ ಅದರ ಕಣ್ಣುಗಳು ಒಳಕ್ಕೆ ಇಳಿದು ತುತ್ತನ್ನು ತಳ್ಳುತ್ತವೆ. ಗೊದಮೊಟ್ಟೆಯನ್ನು ಗಾಜಿನ ಪಾತ್ರೆಯಲ್ಲಿರಿಸಿದರೆ ತೆಳುವಾದ ಹೊಟ್ಟೆಯ ಮೂಲಕ ಸುರುಳಿ ಸುತ್ತಿದ ಕರುಳೇ ಕಾಣುತ್ತದೆ. ಪಾಚಿಯನ್ನು ಜೀರ್ಣಿಸಲು ಅಷ್ಟುದ್ದದ ಕರುಳು ಬೇಕು. ಕಪ್ಪೆಯಾಗಿ ಹುಳು ತಿನ್ನತೊಡಗುವ ಹೊತ್ತಿಗೆ ಅದು ಗಿಡ್ಡವಾಗುತ್ತದೆ. ನೋಡಿದ ಮೇಲೆ ಅದನ್ನು ಕೆರೆಗೇ ಬಿಡೋಣ.

ಕಂಡದ್ದನ್ನು ಹೇಳಲು ನುಡಿ ಬೇಕು. ಗಡಿನಾಡಿನ ನಮಗೆ ಇದೇ ಮುಖ್ಯ ಪ್ರಶ್ನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ನೆರೆಯಲ್ಲಿ ತೆಲುಗು ಕೇಳುವ ಮಗುವಿಗೆ ಮೂರೂ ಆಸರೆಯೇ. ಶ್ವಾಸಕೋಶಕ್ಕೆ ತಮಿಳರು ‘ನುರೈಯೀರಲ್’ ಎನ್ನುತ್ತಾರೆ. ಅವರ ನುರೈ, ನಮ್ಮ ನೊರೆ ಎರಡೂ ಒಂದೇ. ಗಾಳಿಗುಳ್ಳೆಗಳಿಂದ ತುಂಬಿದ ಅಂಗವೆಂಬ ಅರ್ಥ ಕನ್ನಡ ಬಲ್ಲ ಮಗುವಿಗೆ ಕೂಡಲೇ ಹೊಳೆಯುತ್ತದೆ. ಆದರೆ ಕನ್ನಡವನ್ನೇ ಕೈಬಿಟ್ಟ ಮಗುವಿಗೆ ಈ ನೆರವು ಎಲ್ಲಿಂದ ಬಂದೀತು? ಶಾಸ್ತ್ರವನ್ನು ಹೇಳಲು ಕನ್ನಡಕ್ಕೆ ಶಕ್ತಿಯಿದೆಯೆಂಬುದನ್ನು ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಿಂದ ಎಂದೋ ತೋರಿಸಿದ್ದಾರೆ.

ಆದುದರಿಂದ ನಮ್ಮ ಸಂಘಕ್ಕೆ ಒಂದು ಸಣ್ಣ ಬಿನ್ನಹ: ಕಪ್ಪೆಯ ಅಂಗಗಳಿಗೆ ಕನ್ನಡ, ತಮಿಳು ಎರಡರಲ್ಲೂ ಹೆಸರು ಬರೆದ ದೊಡ್ಡದೊಂದು ಪಟವನ್ನು ಅಚ್ಚುಹಾಕಿಸಿ ಸುತ್ತಣ ಶಾಲೆಗಳಿಗೆ ಹಂಚೋಣ. ಬರುವ ಮಳೆಗಾಲದೊಳಗೆ ಅದು ಶಾಲೆಯ ಗೋಡೆಗೇರಲಿ.