ಬೆಟ್ಟ ಇಳಿದು ಬನ್ನಿ
(ಪ್ರಭುವಿನ ರೂಪಾಂತರದ ಹಬ್ಬ – ಆಗಸ್ಟ್ 6)



ಕೆಲವು ವರ್ಷಗಳ ಹಿಂದೆ, ಗುರುಮಠದಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಗುರುಗಳು ಒಂದು ಶನಿವಾರ ಕೋಲಾರದಿಂದ ನಂದಿಬೆಟ್ಟಕ್ಕೆ ಹೋಗಿದ್ದೆವು. 1,478 ಮೀಟರ್ ಎತ್ತರ. ಮೋಡಗಳು ನಮ್ಮ ಕಾಲ ಕೆಳಗೆ. ‘ಇಲ್ಲೇ ಇದ್ದುಬಿಡೋಣ’ ಎನಿಸಿತು. ಅಷ್ಟರಲ್ಲಿ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಫೋನ್: “ಫಾದರ್, ಅಪ್ಪನಿಗೆ ತುಂಬ ಜೋರಾಗಿದೆ, ಬೇಗ ಬನ್ನಿ.”

ತಿಂಡಿ ಮುಗಿಸಿ ಹೊರಡೋಣವೆಂದು ಒಂದು ಗಂಟೆ ತಡಮಾಡಿದೆವು. ಮಾವಿನ ತೋಪಿನ ಆ ಮನೆ ಮುಟ್ಟುವಷ್ಟರಲ್ಲಿ ಹಿರಿಯರು ಕಣ್ಮುಚ್ಚಿದ್ದರು. ಅಭ್ಯಂಗ ಸಂಸ್ಕಾರ ಅವರಿಗೆ ಸಿಗಲಿಲ್ಲ. ಮನೆಯವರು ನಮ್ಮನ್ನು ದೂರಲಿಲ್ಲ. “ದಣಿದು ಬಂದಿದ್ದೀರಿ, ನೀರು ಕುಡಿಯಿರಿ ಫಾದರ್” ಎಂದರು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ರೂಪಾಂತರದ ಬೆಟ್ಟದಲ್ಲಿ ಪೇತ್ರರೂ ಮೂರು ಗುಡಾರ ಕಟ್ಟಬಯಸಿದರು. ಯೇಸುಸ್ವಾಮಿ ಅವರನ್ನು ಕೆಳಗೆ ಕರೆತಂದರು. ಅಲ್ಲಿ ಕಾಯಿಲೆಯ ಮಗನಿಗಾಗಿ ತಂದೆಯೊಬ್ಬ ಕಾದಿದ್ದ.

ಪಿನಾಕಿನಿ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ, ಹರಿಯುವುದು ಬಯಲಿಗೆ. ನಮ್ಮ ಪ್ರಾರ್ಥನೆಯೂ ಹಾಗೆಯೇ ಇಳಿದು ಹರಿಯಬೇಕು.

ಇಂದು ಬಲಿಪೂಜೆ ಮುಗಿಸಿ ಹಬ್ಬದೂಟಕ್ಕೆ ಕೂರುವ ಮುನ್ನ, ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬರನ್ನಾದರೂ ಕಂಡು ಬನ್ನಿ. ನಾವು ಮಾಡಿದಂತೆ ತಡಮಾಡಬೇಡಿ. ಆಮೆನ್.